ರೂಪದರ್ಶಿಯ ವೃತ್ತಿ : ಹೊಸದಾಗಿ ಆರಂಭಿಸುವವರಿಗೆ ವೈದ್ಯನೊಬ್ಬನ ಕಿವಿಮಾತು

ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ನಡೆದು ಹೋಗುವಾಗ ತಲೆಯೆತ್ತಿ ನೋಡಿದರೆ ಸೀರೆಯ ಅಂಗಡಿ, ಒಡವೆಯ ಅಂಗಡಿಗಳ ಮೇಲೆ ನಗುಮೊಗಗಳು ಸಾಲುಸಾಲಾಗಿ ಕಾಣಿಸುತ್ತವೆ. ಆ ಮುಖಗಳ ಹಿಂದಿರುವ ಕೆಲಸವನ್ನು ಎಲ್ಲರೂ ಮಾಡೆಲಿಂಗ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ಅದನ್ನು ರೂಪದರ್ಶಿಯ ವೃತ್ತಿ ಎನ್ನುತ್ತೇವೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳನ್ನು ಕುರಿತು ಬರೆಯುವ ಆರೋಗ್ಯ ವಿಭಾಗದಲ್ಲಿ ಈ ವಿಷಯವೇಕೆ ಎಂದು ಓದುಗರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣ ಹೀಗಿದೆ.

ಕೆಲವು ಕಾಲದ ಹಿಂದೆ ನಮ್ಮವರೇ ಆದ ಒಂದು ಕುಟುಂಬದ ಹತ್ತೊಂಬತ್ತು ವರ್ಷದ ಹುಡುಗಿ ತಾಯಿಯೊಡನೆ ನನ್ನ ದವಾಖಾನೆಗೆ ಬಂದಳು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ತಂದೆ ಧಾರವಾಡ ಸೀಮೆಯಿಂದ ಬಂದು ಪಿಂಪ್ರಿ-ಚಿಂಚವಡದ ಕಾರಖಾನೆಯೊಂದರಲ್ಲಿ ದುಡಿಯುವವರು. "ಡಾಕ್ಟರೇ, ಇನ್ನೂ ಮೂರು ಕಿಲೋ ಇಳಿಯಬೇಕು, ಒಂದು ಮಾತ್ರೆ ಬರೆದುಕೊಡಿ" ಎಂದು ಹುಡುಗಿ ಕೇಳಿದಳು. ಅವಳ ಎತ್ತರ 5 ಅಡಿ 6 ಅಂಗುಲ, ತೂಕ 46 ಕಿಲೋ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ, ಒಳಭಾಗ ಸುಣ್ಣದಂತೆ ಬಿಳಿಚಿತ್ತು. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. ವಿಚಾರಿಸಿದಾಗ ತಾಯಿ ತಲೆ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದರು. ಮಗಳನ್ನು ರೂಪದರ್ಶಿ ಮಾಡುವುದಾಗಿ ನಂಬಿಸಿದ ಒಬ್ಬರಿಗೆ ಫೋಟೋ ತೆಗೆಸುವ ಖರ್ಚೆಂದು 40,000 ರೂಪಾಯಿ ಕೊಟ್ಟಿದ್ದರಂತೆ. ಅದಕ್ಕಾಗಿ ಬಳೆ ಒತ್ತೆಯಿಟ್ಟದ್ದು ತಂದೆಗೆ ಗೊತ್ತಿರಲಿಲ್ಲ. "ತೂಕ ಇಳಿಸಿಕೊಂಡು ಬಾ, ಆಮೇಲೆ ಕೆಲಸ" ಎಂಬುದು ಆ ಮಹಾಶಯರು ಹೇಳಿದ ಕಡೆಯ ಮಾತು.

ಆ ದಿನ ನಾನು ಅವಳಿಗೆ ಮಾತ್ರೆಯನ್ನೂ ಕೊಡಲಿಲ್ಲ, ಈ ಆಸೆ ಬಿಟ್ಟುಬಿಡೆಂದೂ ಹೇಳಲಿಲ್ಲ. ವೃತ್ತಿಯ ದಾರಿಯನ್ನು ಸರಿಯಾಗಿ ತಿಳಿದವರಿಗೆ ಆರೋಗ್ಯವೂ ಹಣವೂ ಉಳಿಯುತ್ತವೆ. ತಿಳಿಯದವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಆ ತಿಳಿವಳಿಕೆಯನ್ನು ನಮ್ಮ ಮನೆಮನೆಗೆ ಮುಟ್ಟಿಸುವುದೇ ಈ ಲೇಖನದ ಉದ್ದೇಶ.

1. ವೃತ್ತಿಯ ಸ್ವರೂಪ

ರೂಪದರ್ಶಿಯ ಕೆಲಸವೆಂದರೆ ಬರಿಯ ಸೌಂದರ್ಯ ಸ್ಪರ್ಧೆಯಲ್ಲ. ಅದರಲ್ಲಿ ಮುಖ್ಯವಾಗಿ ಮೂರು ವಿಧಗಳುಂಟು. ಉಡುಪು ಧರಿಸಿ ವೇದಿಕೆಯ ಮೇಲೆ ನಡೆಯುವುದು ಮೊದಲನೆಯದು. ಇದಕ್ಕೆ ರ್‍ಯಾಂಪ್ ಎಂದು ಹೆಸರು. ಇಲ್ಲಿ ಉಡುಪಿನ ಅಳತೆಗೆ ದೇಹ ಹೊಂದಬೇಕಾದುದರಿಂದ ಎತ್ತರಕ್ಕೆ ಪ್ರಾಶಸ್ತ್ಯ. ಹುಡುಗಿಯರಾದರೆ ಸುಮಾರು 5 ಅಡಿ 7 ಅಂಗುಲ, ಹುಡುಗರಾದರೆ 6 ಅಡಿಯ ಆಸುಪಾಸಿನಲ್ಲಿ ಇರಬೇಕೆಂದು ಸಾಮಾನ್ಯವಾಗಿ ಅಪೇಕ್ಷಿಸುತ್ತಾರೆ. ಎರಡನೆಯದು ಕ್ಯಾಟಲಾಗ್ ಕೆಲಸ. ಅಂಗಡಿಗಳಿಗೂ ಅಂತರ್ಜಾಲದ ಮಾರಾಟಗಾರರಿಗೂ ಬೇಕಾಗುವ ಉಡುಪಿನ ಚಿತ್ರಗಳು ಈ ವಿಧಕ್ಕೆ ಸೇರಿದವು. ದಿನವೊಂದಕ್ಕೆ ಹತ್ತಾರು ಉಡುಪುಗಳನ್ನು ಬದಲಿಸುತ್ತ ನಿಲ್ಲಬೇಕಾದ ಶ್ರಮದ ಕೆಲಸವಿದು. ಮೂರನೆಯದು ಜಾಹೀರಾತು. ಇಲ್ಲಿ ಎತ್ತರಕ್ಕಿಂತ ಮುಖಭಾವ ಮುಖ್ಯ. ತಾಯಿ, ಅಜ್ಜ, ಗುಮಾಸ್ತ, ಅಡಿಗೆಯವ ಹೀಗೆ ಎಲ್ಲ ವಯಸ್ಸಿನ, ಎಲ್ಲ ಮೈಕಟ್ಟಿನ ಜನರೂ ಬೇಕಾಗುತ್ತಾರೆ. ಕೇವಲ ಕೈಗಳನ್ನು ತೋರಿಸಿ ಉಂಗುರ, ಬಳೆಗಳ ಜಾಹೀರಾತಿನಲ್ಲಿ ದುಡಿಯುವವರೂ ಇದ್ದಾರೆ.

ಆದುದರಿಂದ ಆರಂಭಿಸುವವರು ಪ್ರಪ್ರಥಮವಾಗಿ ತಾವು ಯಾವ ವಿಧಕ್ಕೆ ಒಪ್ಪುವೆವೆಂಬುದನ್ನು ನಿರ್ಧರಿಸಬೇಕು. ಐದಡಿ ಎರಡಂಗುಲದ ಹುಡುಗಿ ಉಪವಾಸ ಬಿದ್ದು ರ್‍ಯಾಂಪಿನ ಎತ್ತರವನ್ನು ಪಡೆಯಲಾರಳು. ಆದರೆ ಅದೇ ಹುಡುಗಿ ಜಾಹೀರಾತಿನಲ್ಲಿ ಯಶಸ್ವಿಯಾಗಬಹುದು.

2. ಆರಂಭಿಸುವ ಕ್ರಮ

ಮೊದಲ ಹೆಜ್ಜೆಗೆ ಹೆಚ್ಚು ಹಣ ಬೇಕಿಲ್ಲವೆಂಬುದನ್ನು ಒತ್ತಿ ಹೇಳಬಯಸುತ್ತೇನೆ. ಸಂಸ್ಥೆಗಳು ಹೊಸಬರಿಂದ ಮೊದಲು ಕೇಳುವುದು ಸಾದಾ ಚಿತ್ರಗಳನ್ನು. ಬಿಳಿಯ ಗೋಡೆಯ ಮುಂದೆ, ಕಿಟಕಿಯ ಹಗಲು ಬೆಳಕಿನಲ್ಲಿ, ಮುಖಕ್ಕೆ ಬಣ್ಣ ಬಳಿಯದೆ, ಮೈಯಳತೆಗೆ ಸರಿಹೊಂದುವ ಸರಳ ಉಡುಪಿನಲ್ಲಿ ಮುಖದ ಹತ್ತಿರದ ಚಿತ್ರ, ಎರಡೂ ಪಕ್ಕದ ಚಿತ್ರ, ಮುಂದಿನಿಂದ ಮತ್ತು ಹಿಂದಿನಿಂದ ಪೂರ್ತಿ ದೇಹದ ಚಿತ್ರ ತೆಗೆಯಬೇಕು. ಮನೆಯವರೇ ಮೊಬೈಲಿನಲ್ಲಿ ತೆಗೆದರೆ ಸಾಕು. ಚಿತ್ರಗಳನ್ನು ತಿದ್ದಬಾರದು, ಇದ್ದದ್ದು ಇದ್ದಂತೆ ಕಾಣಬೇಕೆಂಬುದೇ ಇವುಗಳ ಉದ್ದೇಶ.

ಎರಡನೆಯ ಹೆಜ್ಜೆ ಅಳತೆ. ಎತ್ತರ, ಎದೆ, ಸೊಂಟ, ನಿತಂಬ, ಪಾದರಕ್ಷೆಯ ಅಳತೆ, ಕೂದಲು ಮತ್ತು ಕಣ್ಣಿನ ಬಣ್ಣ ಇವನ್ನು ನಿಜವಾಗಿ ಬರೆದಿಡಬೇಕು. ಎರಡಂಗುಲ ಎತ್ತರವನ್ನು ಕಾಗದದಲ್ಲಿ ಸೇರಿಸಿದವರು ಉಡುಪು ತೊಡುವಾಗ ಸಿಕ್ಕಿಬೀಳುತ್ತಾರೆ.

ಮೂರನೆಯದು ಅಭ್ಯಾಸ. ಪುಣೆಯವರಿಗೆ ಇಲ್ಲೊಂದು ಅನುಕೂಲವುಂಟು. ವಿಮಾನನಗರದ ಸಿಂಬಯಾಸಿಸ್ ವಿನ್ಯಾಸ ಸಂಸ್ಥೆಯಂಥ ವಿನ್ಯಾಸ ಕಾಲೇಜುಗಳು ಈ ಊರಿನಲ್ಲಿವೆ. ಉಡುಪು ವಿನ್ಯಾಸ, ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗಳಿಗೆ ತಮ್ಮ ಕೆಲಸಕ್ಕೆ ರೂಪದರ್ಶಿಗಳು ಬೇಕಾಗುತ್ತಾರೆ. ಹಣದ ಬದಲು ಒಳ್ಳೆಯ ಚಿತ್ರಗಳನ್ನು ಪಡೆದು ಅವರೊಡನೆ ದುಡಿದರೆ ಇಬ್ಬರಿಗೂ ಲಾಭ. ಕ್ಯಾಮೆರಾದ ಮುಂದೆ ಸಂಕೋಚ ಕಳೆಯುತ್ತದೆ, ಬೆಳಕನ್ನು ಅರಿಯುವ ಅಭ್ಯಾಸವಾಗುತ್ತದೆ. ಆಯ್ದ ಹತ್ತು ಹನ್ನೆರಡು ಚಿತ್ರಗಳು ಕೂಡಿದಾಗ ಅದೇ ಪೋರ್ಟ್‌ಫೋಲಿಯೊ.

ನಾಲ್ಕನೆಯದು ಸಂಸ್ಥೆ ಅಥವಾ ಕೋಆರ್ಡಿನೇಟರ್ ಮೂಲಕ ಕೆಲಸ ಹುಡುಕುವುದು. ಹೆಚ್ಚಿನ ಆಡಿಷನ್‌ಗಳು ಮುಂಬಯಿಯಲ್ಲಿ, ಅದರಲ್ಲೂ ಅಂಧೇರಿ, ವರ್ಸೋವಾದ ಆರಾಮ್ ನಗರದ ಸುತ್ತಮುತ್ತ ನಡೆಯುತ್ತವೆ. ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಹೋಗಿ, ಸರದಿಯಲ್ಲಿ ಗಂಟೆಗಟ್ಟಲೆ ನಿಂತು, ಎರಡು ನಿಮಿಷ ಮುಖ ತೋರಿಸಿ ರಾತ್ರಿ ಹಿಂತಿರುಗುವ ದಿನಗಳು ಅನೇಕ ಬರುತ್ತವೆ. ಅಂಥ ದಿನ ಬುತ್ತಿಯನ್ನೂ ನೀರನ್ನೂ ಕೊಂಡೊಯ್ಯಲು ಮರೆಯಬಾರದು. ಹೋಗುವ ಮುನ್ನ ವಿಳಾಸ, ಕರೆದವರ ಹೆಸರು, ಉತ್ಪನ್ನದ ಹೆಸರು ಇವನ್ನು ಮನೆಯಲ್ಲಿ ಬರೆದಿಟ್ಟು ಹೋಗಬೇಕು.

3. ತೂಕ ಮತ್ತು ಆಹಾರ

ಈಗ ವೈದ್ಯನಾಗಿ ಹೇಳಬೇಕಾದ ಮಾತು. ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎಂದು ಹೆಸರು. ವಯಸ್ಕರಲ್ಲಿ ಇದು 18.5ಕ್ಕಿಂತ ಕಡಮೆಯಾದರೆ ತೂಕ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 168 ಸೆಂಟಿಮೀಟರ್ ಎತ್ತರದವರಿಗೆ ಕನಿಷ್ಠ 52 ಕಿಲೋಗೂ ತುಸು ಹೆಚ್ಚು ತೂಕ ಬೇಕು. ಮೇಲೆ ಹೇಳಿದ ಹುಡುಗಿಯ ಸಂಖ್ಯೆ 16.3 ಆಗಿತ್ತು.

ತಿನ್ನದೆ ಕೃಶವಾದ ದೇಹ ತನ್ನ ಮಾಂಸಖಂಡಗಳನ್ನೂ ಕರಗಿಸುತ್ತದೆ. ಮುಟ್ಟನ್ನೂ ನಿಲ್ಲಿಸುತ್ತದೆ. ಮುಟ್ಟು ನಿಂತಾಗ ಎಲುಬಿಗೆ ಬೇಕಾದ ಹಾರ್ಮೋನು ಕಡಮೆಯಾಗಿ ಎಲುಬು ಸವೆಯತೊಡಗುತ್ತದೆ. ಎಲುಬು ತನ್ನ ಪೂರ್ಣ ಬಲವನ್ನು ಗಳಿಸುವುದು ಇಪ್ಪತ್ತರ ಹರೆಯದಲ್ಲಿ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ. ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಯಾವ ಮುಖವನ್ನು ಮಾರಾಟಕ್ಕಿಡಬೇಕೆಂದು ಉಪವಾಸ ಮಾಡಿದೆವೋ ಆ ಮುಖವೇ ಕೆಡುತ್ತದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2006ರಲ್ಲಿ ಉರುಗ್ವೆಯ ಲೂಯ್ಸೆಲ್ ರಾಮೋಸ್, ಬ್ರೆಜಿಲಿನ ಆನಾ ಕರೋಲಿನಾ ರೆಸ್ಟನ್ ಎಂಬ ಇಬ್ಬರು ತರುಣ ರೂಪದರ್ಶಿಗಳು ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರೂ ಅತಿಯಾಗಿ ಕೃಶರಾಗಿದ್ದರು. ಅದೇ ವರ್ಷ ಸ್ಪೇನಿನ ಮ್ಯಾಡ್ರಿಡ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಬಿಎಂಐ 18ಕ್ಕಿಂತ ಕಡಮೆಯಿದ್ದವರಿಗೆ ವೇದಿಕೆ ನಿರಾಕರಿಸಲಾಯಿತು. ಇಸ್ರೇಲ್ ದೇಶ 2012ರಲ್ಲಿ ಕಾನೂನನ್ನೇ ಮಾಡಿತು. ಫ್ರಾನ್ಸಿನಲ್ಲಿ 2017ರಿಂದ ರೂಪದರ್ಶಿಗಳು ವೈದ್ಯರ ಪ್ರಮಾಣಪತ್ರ ತರಬೇಕೆಂಬ ನಿಯಮ ಜಾರಿಗೆ ಬಂದಿತು. ಫ್ಯಾಷನ್ನಿನ ತವರೆನಿಸಿದ ದೇಶವೇ ಹಸಿವಿನ ಸೌಂದರ್ಯವನ್ನು ಬೇಡವೆಂದ ಮೇಲೆ ನಮಗೇಕೆ ಆ ವ್ಯಾಮೋಹ?

ನಮ್ಮ ದೇಶದಲ್ಲಂತೂ ಅಪಾಯ ಇಮ್ಮಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಸ್ತ್ರೀಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರತಕ್ಕದ್ದು. ಈ ವೃತ್ತಿಗೆ ಕಾಲಿಡುವ ಮುನ್ನ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಫೋಟೋ ತೆಗೆಸುವುದಕ್ಕಿಂತ ಮೊದಲಿನ ಕೆಲಸ.

ಆಹಾರದ ವಿಷಯದಲ್ಲಿ ನಮ್ಮ ಅಡಿಗೆಮನೆಗಿಂತ ದೊಡ್ಡ ಗುರು ಬೇಕಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಸಾರು, ಮಜ್ಜಿಗೆ ಇವು ತೂಕವನ್ನು ಹದದಲ್ಲಿಡುವ ಊಟ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ; ಎಲುಬಿಗೆ ಅದು ಪರಮಮಿತ್ರ. ಕಾಳು, ಸೊಪ್ಪುಗಳ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅವುಗಳಲ್ಲಿರುವ ಕಬ್ಬಿಣ ಹೆಚ್ಚಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಚಹ ಕುಡಿದರೆ ಹತ್ತುವುದು ಕಡಮೆಯಾಗುತ್ತದೆ. ನಿಜವಾಗಿಯೂ ತೂಕ ಹೆಚ್ಚಿದ್ದವರು ವಾರಕ್ಕೆ ಅರ್ಧ ಕಿಲೋದಂತೆ ಇಳಿಸಿದರೆ ಸಾಕು. ಭೇದಿಯ ಮಾತ್ರೆ, ನೀರಿಳಿಸುವ ಮಾತ್ರೆ, ಥೈರಾಯ್ಡ್ ಮಾತ್ರೆಗಳನ್ನು ತೂಕಕ್ಕಾಗಿ ನುಂಗುವುದು ಪ್ರಾಣಕ್ಕೆ ಎರವಾಗಬಲ್ಲದು. ಹುಡುಗರು ಮೈಕಟ್ಟಿಗಾಗಿ ವ್ಯಾಯಾಮಶಾಲೆಗಳಲ್ಲಿ ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್ ಕೂಡ ಇದೇ ಗುಂಪಿಗೆ ಸೇರಿದ್ದು. ಯಕೃತ್ತು, ಹೃದಯ, ಸಂತಾನಶಕ್ತಿ ಮೂರಕ್ಕೂ ಅದರಿಂದ ಹಾನಿ.

4. ಬಣ್ಣದ ಭ್ರಮೆ

ಬೆಳ್ಳಗಿರುವುದೆಲ್ಲ ಹಾಲಲ್ಲ. ಮುಖ ಬೆಳ್ಳಗಾಗಬೇಕೆಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಇನ್ನು ಕೆಲವರು ಚರ್ಮರೋಗಕ್ಕಾಗಿ ಇರುವ ಸ್ಟೆರಾಯ್ಡ್ ಮುಲಾಮನ್ನು ನೆರೆಯವರ ಮಾತು ಕೇಳಿ ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಮೊಡವೆ ಎದ್ದು, ಮುಲಾಮು ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಒದಗುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮನ್ನು ಕೊಳ್ಳಲೇಬಾರದು.

ಕಾಲವೂ ಬದಲಾಗಿದೆ. ಮೈಬಣ್ಣದ ಕಾರಣದಿಂದ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿಯೇ ಮಾರ್ಗದರ್ಶನ ನೀಡಿತು. 1975ರಲ್ಲಿ ಪೇಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಎಣ್ಣೆಗೆಂಪು, ಗೋಧಿ, ಕಪ್ಪು ಎಲ್ಲ ಬಣ್ಣಗಳ ಮುಖಗಳೂ ಇಂದು ಜಾಹೀರಾತಿನಲ್ಲಿವೆ. ರೂಪದರ್ಶಿಯ ಚರ್ಮಕ್ಕೆ ಬೇಕಾದುದು ಇಷ್ಟೇ : ಸಾಕಷ್ಟು ನಿದ್ರೆ, ನೀರು, ಬಿಸಿಲಿನಿಂದ ರಕ್ಷಣೆ, ಮಲಗುವ ಮುನ್ನ ಬಣ್ಣವನ್ನು ಪೂರ್ತಿ ತೊಳೆಯುವುದು, ತನ್ನದೇ ಆದ ಕುಂಚ ಮತ್ತು ಕಾಡಿಗೆಯನ್ನು ಜೊತೆಯಲ್ಲಿಟ್ಟುಕೊಳ್ಳುವುದು. ಒಬ್ಬರ ಕಾಡಿಗೆ ಇನ್ನೊಬ್ಬರ ಕಣ್ಣಿಗೆ ಬೇನೆ ತರುತ್ತದೆ.

5. ಹಣ ಮತ್ತು ಕರಾರು

ನ್ಯಾಯವಾದ ಸಂಸ್ಥೆ ಕೆಲಸ ಕೊಡಿಸಿದ ಮೇಲೆ ಬಂದ ಹಣದಲ್ಲಿ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ; ಕೆಲಸಕ್ಕೆ ಮುಂಚೆ ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ತಾನು ಹೇಳಿದ ಸ್ಟುಡಿಯೋದಲ್ಲೇ ಫೋಟೋ ತೆಗೆಸಬೇಕೆಂಬ ಕಟ್ಟಳೆ, ಈ ಸಂಜೆಯೊಳಗೆ ಹಣ ಕಟ್ಟದಿದ್ದರೆ ಅವಕಾಶ ತಪ್ಪುವುದೆಂಬ ಅವಸರ ಇವುಗಳಲ್ಲಿ ಯಾವುದೊಂದು ಕಂಡರೂ ಎದ್ದು ಬರುವುದು ಲೇಸು. ಹಣ ಕಳೆದುಕೊಂಡವರು ನಾಚಿ ಸುಮ್ಮನಿರಬಾರದು. ಅಂತರ್ಜಾಲದ ಮೂಲಕ ಆದ ವಂಚನೆಗೆ 1930 ಎಂಬ ಸಂಖ್ಯೆಗೆ ಕೂಡಲೇ ದೂರು ಕೊಡಬಹುದು.

ಕರಾರಿನಲ್ಲಿ ಐದು ಅಂಶಗಳನ್ನು ನೋಡಬೇಕು : ಎಷ್ಟು ಹಣ, ಯಾವಾಗ ಪಾವತಿ, ಚಿತ್ರವನ್ನು ಎಲ್ಲೆಲ್ಲಿ ಬಳಸುವರು, ಎಷ್ಟು ಕಾಲ ಬಳಸುವರು, ಆ ಅವಧಿಯಲ್ಲಿ ಬೇರೆ ಕಂಪನಿಗೆ ದುಡಿಯಲು ಅಡ್ಡಿ ಇದೆಯೇ. ಒಂದು ದಿನದ ಕೂಲಿ ಕೊಟ್ಟು ಮುಖವನ್ನು ಸದಾಕಾಲಕ್ಕೂ ಎಲ್ಲ ದೇಶಗಳಲ್ಲೂ ಬಳಸುವ ಹಕ್ಕನ್ನು ಬರೆಸಿಕೊಳ್ಳುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಮೊದಲ ಒಡೆಯ ಸಾಮಾನ್ಯವಾಗಿ ಛಾಯಾಗ್ರಾಹಕ. ಆದರೆ ನೀವು ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ನೀವೇ ಒಡೆಯರು. ಹದಿನೆಂಟು ತುಂಬದವರು ಮಾಡಿದ ಕರಾರು ನಮ್ಮ ಕಾನೂನಿನಲ್ಲಿ ಸಿಂಧುವಲ್ಲ. ಅವರ ವಿಷಯದಲ್ಲಿ ತಂದೆತಾಯಿಗಳೇ ಮುಂದೆ ನಿಲ್ಲಬೇಕು.

ಪುಟ್ಟ ಮಕ್ಕಳನ್ನು ಜಾಹೀರಾತಿಗೆ ಕಳಿಸುವವರು 2017ರ ಬಾಲಕಾರ್ಮಿಕ ನಿಯಮಗಳನ್ನು ತಿಳಿದಿರಬೇಕು. ಹದಿನಾಲ್ಕು ತುಂಬದ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು. ಮಗು ಗಳಿಸಿದ ಹಣದಲ್ಲಿ ನೂರಕ್ಕೆ ಇಪ್ಪತ್ತರಷ್ಟಾದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು.

6. ಮಾನ ಮತ್ತು ಮನಸ್ಸು

ಕೆಲಸದ ಮಾತುಕತೆ ಹಗಲಿನಲ್ಲಿ, ಕಚೇರಿಯಲ್ಲಿ ನಡೆಯಬೇಕು, ಹೋಟೆಲಿನ ಕೋಣೆಯಲ್ಲಲ್ಲ. ಮೊದಮೊದಲು ಮನೆಯವರೊಬ್ಬರು ಜೊತೆಗಿರಲಿ. ಕರಾರಿನಲ್ಲಿ ಒಪ್ಪದ ಉಡುಪು ತೊಡಲು ನಿರಾಕರಿಸುವ ಅಧಿಕಾರ ರೂಪದರ್ಶಿಗೆ ಇದೆ. 2013ರ ಕಾಯಿದೆ ಕೆಲಸದ ಸ್ಥಳದಲ್ಲಿ ಎಲ್ಲ ಮಹಿಳೆಯರಿಗೂ ಲೈಂಗಿಕ ಕಿರುಕುಳದಿಂದ ರಕ್ಷಣೆ ಕೊಡುತ್ತದೆ. ಒಂದು ದಿನದ ಕೆಲಸಕ್ಕೆ ಬಂದವಳೂ ಇದರಿಂದ ಹೊರಗಲ್ಲ.

ಈ ವೃತ್ತಿಯಲ್ಲಿ ನಿರಾಕರಣೆ ದಿನನಿತ್ಯದ ಊಟ. ಹತ್ತು ಕಡೆ ಬೇಡವೆನ್ನಿಸಿಕೊಂಡ ಮೇಲೆ ಒಂದು ಕಡೆ ಬೇಕೆನ್ನಿಸಿಕೊಳ್ಳಬಹುದು. 'ಈ ಮುಖ ಈ ಸಾಬೂನಿಗೆ ಹೊಂದದು' ಎಂಬ ಮಾತನ್ನು 'ನಾನು ಕುರೂಪಿ' ಎಂದು ಎಳೆಯ ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ. ನಿದ್ರೆ ಕೆಟ್ಟು, ಎರಡು ವಾರಕ್ಕೂ ಮಿಕ್ಕಿ ಮನಸ್ಸು ಕುಗ್ಗಿದ್ದರೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ಸಪ್ತಾಹದಲ್ಲಿ ಮೊದಲ ಹೆಜ್ಜೆಯಿಟ್ಟು, 2006ರಲ್ಲಿ 'ಐಶ್ವರ್ಯ' ಎಂಬ ಕನ್ನಡ ಚಿತ್ರದಲ್ಲಿ ನಟಿಸಿ, ಮುಂದೆ ಕೀರ್ತಿಯ ಶಿಖರ ಮುಟ್ಟಿದರು. ಅಂಥವರೂ ತಮಗೆ ಖಿನ್ನತೆ ಬಂದುದನ್ನೂ ಚಿಕಿತ್ಸೆ ಪಡೆದುದನ್ನೂ 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷ ಇಂಥವರ ನೆರವಿಗಾಗಿ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದರು. ಯಶಸ್ಸು ಬಂದವರಿಗೂ ಬರುವ ಕಾಯಿಲೆಯಿದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

7. ಇನ್ನೊಂದು ಕೈಯಲ್ಲಿ ವಿದ್ಯೆ

ರೂಪದರ್ಶಿಯ ವೃತ್ತಿಯ ಆಯುಷ್ಯ ಬಹುಮಂದಿಗೆ ಕೆಲವೇ ವರ್ಷ. ಆದುದರಿಂದ ಓದು ನಿಲ್ಲಕೂಡದು. 1966ರಲ್ಲಿ ವಿಶ್ವಸುಂದರಿಯಾದ ರೀಟಾ ಫರಿಯಾ ಆಗ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯಳು. ಒಂದು ವರ್ಷದ ನಂತರ ರೂಪದರ್ಶಿಯ ಕೆಲಸವನ್ನು ಬಿಟ್ಟು, ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾಭ್ಯಾಸವನ್ನು ಮುಂದುವರಿಸಿ ವೈದ್ಯೆಯಾದರು. ಎಲ್ಲರೂ ಹಾಗೆಯೇ ಬಿಟ್ಟುಬಿಡಬೇಕೆಂದಲ್ಲ. ಬಿಡುವ ದಿನ ಬಂದಾಗ ಕೈಯಲ್ಲಿ ಇನ್ನೊಂದು ವಿದ್ಯೆ ಇರಬೇಕೆಂಬುದೇ ಇಲ್ಲಿಯ ಪಾಠ.

ಪಾಲಕರಿಗೆ ಎರಡು ಮಾತು

ಹೊರನಾಡಿನಲ್ಲಿ ನೆಲೆಸಿದ ನಮಗೆ ಮಕ್ಕಳ ವಿಷಯದಲ್ಲಿ ಭಯ ಹೆಚ್ಚು. ಊರಿನವರು ಏನೆನ್ನುವರೋ ಎಂಬ ಅಳುಕು ಬೇರೆ. ಆದರೆ ಒಂದನ್ನು ನೆನೆಯೋಣ. ಸಂಗೀತದ ಹಂಬಲದಿಂದ ಎಳೆಯ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನರಸಿ ಹೊರಟ ಭೀಮಸೇನ ಜೋಶಿಯವರು ಮುಂದೆ ಈ ಪುಣೆಯಲ್ಲಿಯೇ ನೆಲೆಸಿದರು. 1953ರಲ್ಲಿ ತಮ್ಮ ಗುರುವಿನ ಸ್ಮರಣೆಗಾಗಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವಕ್ಕೆ ನಾವೆಲ್ಲ ಅಭಿಮಾನದಿಂದ ಹೋಗಿ ಕುಳಿತವರೇ. ಮನೆ ಬಿಟ್ಟ ಹುಡುಗನ ಹಂಬಲವನ್ನು ಎಷ್ಟೋ ವರ್ಷಗಳ ಮೇಲೆ ಕೊಂಡಾಡುವುದು ಸುಲಭ. ಮನೆಯಲ್ಲಿಯೇ ಇರುವ ಮಗಳ ಹಂಬಲವನ್ನು ಇಂದು ಕುಳಿತು ಕೇಳುವುದು ಕಷ್ಟ. ಕೇಳದ ಮನೆಯಲ್ಲಿ ಮಕ್ಕಳು ಗುಟ್ಟಾಗಿ ಹೋಗುತ್ತಾರೆ. ಗುಟ್ಟಾಗಿ ಹೋದವರೇ ಮೋಸಗಾರರಿಗೆ ಸುಲಭವಾದ ತುತ್ತು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ತಂದೆಯನ್ನು ಕರೆಸಿದೆ. ಒಂದು ಗಂಟೆ ಮೌನವಾಗಿ ಕುಳಿತಿದ್ದು, ಕಡೆಗೆ ಅವರು ಕೇಳಿದ್ದು ಒಂದೇ ಮಾತು : "ನನಗೆ ಯಾಕೆ ಹೇಳಲಿಲ್ಲ?" ಹುಡುಗಿ ಅತ್ತಳು. ಆರು ತಿಂಗಳ ಕಬ್ಬಿಣದ ಮಾತ್ರೆ, ಹೊಟ್ಟೆತುಂಬ ಊಟ, ನಿದ್ರೆ ಇವುಗಳಿಂದ ಅವಳ ತೂಕ 53 ಕಿಲೋಗೆ ಬಂದಿತು, ಮುಟ್ಟು ಸರಿಹೋಯಿತು. ಕಳೆದ ಹಣ ಮಾತ್ರ ಮರಳಿ ಬರಲಿಲ್ಲ. ಈಗ ಅವಳು ಬಿ.ಕಾಂ. ಮುಗಿಸುತ್ತ, ಬಿಡುವಿನಲ್ಲಿ ಸೀರೆಗಳ ಕ್ಯಾಟಲಾಗ್ ಕೆಲಸಕ್ಕೆ ಹೋಗುತ್ತಾಳೆ. ಕರಾರನ್ನು ತಂದೆ ಓದುತ್ತಾರೆ, ಬುತ್ತಿಯನ್ನು ತಾಯಿ ಕಟ್ಟುತ್ತಾರೆ. ದೊಡ್ಡ ಕೀರ್ತಿ ಬಂದಿಲ್ಲ, ಬರಲೇಬೇಕೆಂದೂ ಇಲ್ಲ. ಮೊದಲ ಸಂಪಾದನೆಯಿಂದ ಅವಳು ಒತ್ತೆಯಿಟ್ಟ ಬಳೆಗಳಲ್ಲಿ ಒಂದನ್ನು ಬಿಡಿಸಿಕೊಂಡು ಬಂದಳು. ಇನ್ನೊಂದು ಬಾಕಿ ಇದೆ.

ರೂಪವು ದೇಹದ ಆರೋಗ್ಯದಿಂದ ಬರತಕ್ಕದ್ದು. ಆ ದೇಹವನ್ನು ಕಾಪಾಡಿಕೊಂಡವರಿಗೆ ಈ ವೃತ್ತಿ ಸಿಕ್ಕರೂ ಸಿಗದಿದ್ದರೂ ನಷ್ಟವಿಲ್ಲ. ನಮ್ಮ ಮಕ್ಕಳು ಯಾವ ವೃತ್ತಿಯನ್ನೇ ಆರಿಸಿಕೊಳ್ಳಲಿ, ಆರೋಗ್ಯ ಮತ್ತು ಗೌರವ ಎರಡನ್ನೂ ಉಳಿಸಿಕೊಂಡು ಬಾಳಲಿ ಎಂದು ಹಾರೈಸುತ್ತೇನೆ.